ನಕ್ಷೆಯ ಬಣ್ಣ, ಮತದಾರನ ಮನಸ್ಸು

ಚುನಾವಣೆಯ ಫಲಿತಾಂಶ ಹೊರಬಿದ್ದೊಡನೆ ಪತ್ರಿಕೆಗಳಲ್ಲಿ, ದೂರದರ್ಶನದ ಪರದೆಯ ಮೇಲೆ ಬಣ್ಣಬಣ್ಣದ ನಕ್ಷೆಗಳು ಕಾಣಿಸಿಕೊಳ್ಳುತ್ತವೆ. ಅಂಕಿಅಂಶಗಳನ್ನು ಚಿತ್ರವಾಗಿಸುವ ಈ ವಿಧಾನ ಉಪಯುಕ್ತವೇ ಸರಿ. ಆದರೆ ಅದನ್ನು ಓದುವ ಬಗೆ ತಿಳಿಯದಿದ್ದರೆ ನಾವು ದಾರಿ ತಪ್ಪುವ ಸಂಭವವೂ ಇದೆ.

ನಮ್ಮ ದಕ್ಷಿಣ ಕನ್ನಡ ಜಿಲ್ಲೆಯನ್ನೇ ತೆಗೆದುಕೊಳ್ಳೋಣ. ಇಲ್ಲಿನ 8 ವಿಧಾನಸಭಾ ಕ್ಷೇತ್ರಗಳಲ್ಲಿ 2013ರಲ್ಲಿ 7 ಕಾಂಗ್ರೆಸ್ಸಿನ ಪಾಲಾದವು; 2018ರಲ್ಲಿ 7 ಬಿಜೆಪಿಯ ಪಾಲಾದವು. ಎರಡು ನಕ್ಷೆಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಇಡೀ ಜಿಲ್ಲೆಯೇ ಮನಸ್ಸು ಬದಲಿಸಿದಂತೆ ತೋರುತ್ತದೆ. ವಾಸ್ತವವಾಗಿ ನಕ್ಷೆ ಹೇಳುವುದು ಗೆದ್ದವರಾರು ಎಂಬುದನ್ನು ಮಾತ್ರ. ಅಲ್ಪ ಅಂತರದ ಗೆಲುವಿಗೂ ಭಾರೀ ಅಂತರದ ಗೆಲುವಿಗೂ ಅಲ್ಲಿ ಒಂದೇ ಬಣ್ಣ. ಸೋತವರಿಗೆ ಮತವಿತ್ತ ಸಹಸ್ರಾರು ಮಂದಿಗೆ ಅಲ್ಲಿ ಸ್ಥಾನವೇ ಇಲ್ಲ.

ರಾಜ್ಯದ ಚಿತ್ರವೂ ಇದಕ್ಕಿಂತ ಭಿನ್ನವಲ್ಲ. 2018ರಲ್ಲಿ ಸುಮಾರು ಶೇ. 36 ಮತ ಪಡೆದ ಬಿಜೆಪಿಗೆ 104 ಸ್ಥಾನಗಳು ದೊರೆತವು. 2023ರಲ್ಲಿ ಮತ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಸ್ಥಾನಗಳು 66ಕ್ಕೆ ಇಳಿದವು. ಕಾಂಗ್ರೆಸ್ಸಿನ ಪಾಲು ಸುಮಾರು ಶೇ. 38ರಿಂದ 43ಕ್ಕೆ ಏರಿ, ಅದು 135 ಸ್ಥಾನಗಳನ್ನು ಗಳಿಸಿತು. ಬಣ್ಣ ಬದಲಾದಷ್ಟು ಜನಮನ ಬದಲಾಗಿರಲಿಲ್ಲ.

ಇನ್ನು ವಿಸ್ತೀರ್ಣದ ಮಾತು. ಉತ್ತರ ಕನ್ನಡ ಜಿಲ್ಲೆಯು ಬೆಂಗಳೂರು ನಗರ ಜಿಲ್ಲೆಗಿಂತ ನಾಲ್ಕು ಪಟ್ಟಿಗೂ ಅಧಿಕ ವಿಶಾಲ. ಆದರೆ ಅಲ್ಲಿರುವುದು 6 ಕ್ಷೇತ್ರಗಳು, ಬೆಂಗಳೂರಿನಲ್ಲಿ 28. ನಕ್ಷೆಯಲ್ಲಿ ಕಾಡೂ ಘಟ್ಟವೂ ಎದ್ದು ಕಾಣುತ್ತವೆ, ಜನರು ಕಾಣುವುದಿಲ್ಲ. ಕ್ಷೇತ್ರಕ್ಕೊಂದರಂತೆ ಸಮಗಾತ್ರದ ಚೌಕಗಳನ್ನು ಜೋಡಿಸಿದ ಚಿತ್ರವೇ ಇಲ್ಲಿ ಹೆಚ್ಚು ಪ್ರಾಮಾಣಿಕ.

ಎಲ್ಲಕ್ಕಿಂತ ಅಪಾಯಕರವಾದುದು ಜನಗಣತಿಯನ್ನು ಮತನಕ್ಷೆಯ ಮೇಲೆ ಹೊದಿಸಿ, 'ಇಂಥ ಜನಾಂಗ ಇಂಥ ಪಕ್ಷಕ್ಕೆ ಮತ ಹಾಕಿತು' ಎಂದು ತೀರ್ಪು ನೀಡುವುದು. 2011ರ ಜನಗಣತಿಯಂತೆ ರಾಜ್ಯದಲ್ಲಿ ಕ್ರೈಸ್ತರ ಪ್ರಮಾಣ ಶೇ. 2ಕ್ಕಿಂತಲೂ ಕಡಿಮೆ, ನಮ್ಮ ಜಿಲ್ಲೆಯಲ್ಲಿ ಸುಮಾರು ಶೇ. 8. ಇವರು ಯಾರಿಗೆ ಮತವಿತ್ತರೆಂದು ಯಾವ ಅಧಿಕೃತ ದಾಖಲೆಯೂ ಹೇಳದು. ಮತದಾನ ಗುಪ್ತ, ಮತಪೆಟ್ಟಿಗೆಗೆ ಜಾತಿಧರ್ಮಗಳ ಅರಿವಿಲ್ಲ. ಆದರೂ ಮತಗಟ್ಟೆವಾರು ಲೆಕ್ಕ ಪ್ರಕಟವಾಗುವುದರಿಂದ, ಊರೊಂದರ ಒಲವನ್ನು ಊಹಿಸಿ ಅಲ್ಲಿನ ರಸ್ತೆ, ನೀರಿನ ಸೌಕರ್ಯಗಳನ್ನು ತಡೆಹಿಡಿಯುವ ಭೀತಿ ಇದ್ದೇ ಇದೆ. ಇದನ್ನರಿತೇ ಚುನಾವಣಾ ಆಯೋಗವು ಹಲವು ಮತಗಟ್ಟೆಗಳ ಮತಗಳನ್ನು ಒಟ್ಟುಗೂಡಿಸಿ ಎಣಿಸುವ ಯಂತ್ರದ ಪ್ರಸ್ತಾಪವನ್ನು 2008ರಲ್ಲಿ ಸರಕಾರದ ಮುಂದಿಟ್ಟಿತ್ತು.

ಆದುದರಿಂದ ಮುಂದಿನ ಬಾರಿ ಇಂಥ ನಕ್ಷೆ ಕಣ್ಣಿಗೆ ಬಿದ್ದಾಗ ಮನೆಮಂದಿಯೆಲ್ಲ ಕೂಡಿ ಮೂರು ಪ್ರಶ್ನೆಗಳನ್ನು ಕೇಳೋಣ: ಇದು ಸ್ಥಾನವನ್ನು ತೋರಿಸುತ್ತಿದೆಯೇ, ಮತವನ್ನೇ? ಗೆಲುವಿನ ಅಂತರವೆಷ್ಟು? ಯಾರ ಸಂಗತಿಯನ್ನು ಇದು ಮರೆಮಾಚಿದೆ? ನೆರೆಮನೆಯವರ ಮತವನ್ನು ಬಣ್ಣದಿಂದ ಅಳೆಯುವ ಚಪಲವನ್ನು ನಾವು ಬಿಟ್ಟಲ್ಲಿ, ನಮ್ಮನ್ನು ಹಾಗೆ ಅಳೆಯಬೇಡಿರೆಂದು ಹೇಳುವ ನೈತಿಕ ಬಲವೂ ನಮಗೆ ಬರುವುದು.