ಬೆಕ್ಕು ಅಂದ್ರೆ ಸಣ್ಣ ನಾಯಿ ಅಲ್ಲ ಕಣ್ರೋ!

(1/5)
ಚಿಗಟದ ಬೆಲ್ಟ್ ಬಗ್ಗೆ ಸ್ಟೋರಿ ಹಾಕಿದ್ದೇ ತಡ, ಬಹಳ ಜನ ಕೇಳಿದ್ದು ಒಂದೇ ಪ್ರಶ್ನೆ: "ನಮ್ಮ ನಾಯಿಗೆ ತಂದಿದ್ದು ಮನೇಲಿದೆ, ಕತ್ತರಿಸಿ ಬೆಕ್ಕಿಗೆ ಹಾಕ್ಲಾ?"

ಬೇಡ. ಬೇಡವೇ ಬೇಡ.

ಕಳೆದ ಮಳೆಗಾಲದಲ್ಲಿ ನಾನೂ ಅದೇ ಮಾಡಿದ್ದೆ. ನಮ್ಮ ಕೆಂಚನ ಮೈತುಂಬ ಚಿಗಟ. ಅಂಗಡಿಯವರು "ಎಲ್ಲಾ ಒಂದೇ" ಅಂತ ನಾಯಿ ಬೆಲ್ಟ್ ಕೊಟ್ಟರು. ನಾನು ಬೆಲೆ ಕೇಳಿದೆ, ಡಬ್ಬಿ ಓದಲಿಲ್ಲ. ಮಾರನೇ ದಿನ ಕೆಂಚನ ಬಾಯಲ್ಲಿ ಜೊಲ್ಲು, ಕಿವಿ ಅದುರುತ್ತಿತ್ತು, ಆಮೇಲೆ ಇಡೀ ಮೈ ನಡುಕ. ಎರಡು ರಾತ್ರಿ ಆಸ್ಪತ್ರೆಯಲ್ಲಿದ್ದು ಬದುಕಿಕೊಂಡ. ಎಲ್ಲ ಬೆಕ್ಕುಗಳಿಗೂ ಆ ಅದೃಷ್ಟ ಇರಲ್ಲ.

(2/5)
"ಅರ್ಧ ಹಾಕಿದ್ರೆ ಆಯ್ತಲ್ವಾ?" ಇಲ್ಲ. ಇದು ಬರೀ ಸೈಜ್ ಪ್ರಶ್ನೆ ಅಲ್ಲ, ಲಿವರ್ ಪ್ರಶ್ನೆ.

ನಾಯಿಗಳ ಚಿಗಟ, ಉಣ್ಣೆ ಔಷಧಿಗಳಲ್ಲಿ ಪರ್ಮೆಥ್ರಿನ್, ಡೆಲ್ಟಾಮೆಥ್ರಿನ್ ಥರದ ಕೀಟನಾಶಕ ಇರುತ್ತೆ. ನಾಯಿಯ ಲಿವರ್ ಪರ್ಮೆಥ್ರಿನ್ನನ್ನು ಬೇಗ ಒಡೆದು ಹೊರಹಾಕುತ್ತೆ. ಬೆಕ್ಕಿನ ಲಿವರ್‌ಗೆ ಆ ಶಕ್ತಿ ತೀರಾ ಕಡಿಮೆ. ನಾವು ಜ್ವರಕ್ಕೆ ನುಂಗೋ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ ಆಗೋದೂ ಇಂಥದ್ದೇ ಕಾರಣಕ್ಕೆ. ಮೇಲಾಗಿ ಬೆಕ್ಕು ದಿನವಿಡೀ ಮೈ ನೆಕ್ಕಿಕೊಳ್ಳುತ್ತೆ. ಮೈಗೆ ಹಚ್ಚಿದ್ದು ಹೊಟ್ಟೆಗೂ ಹೋಗುತ್ತೆ.

ಅಮಿಟ್ರಾಜ್ ಇರೋ ಉಣ್ಣೆ ಬೆಲ್ಟ್ ಕೂಡ ಬೆಕ್ಕಿಗೆ ಬೇಡ.

(3/5)
ಹಾಗಾದ್ರೆ ಬೆಲ್ಟೇ ಕೆಟ್ಟದ್ದಾ? ಅಲ್ಲ. ಬೆಕ್ಕಿಗೇ ಅಂತ ಮಾಡಿದ ಬೆಲ್ಟ್‌ಗಳಿವೆ. ಹಾಕೋ ಮುಂಚೆ ಇಷ್ಟು ನೋಡಿ:

• ಡಬ್ಬಿ ಮೇಲೆ "ಬೆಕ್ಕಿಗೆ" ಅಂತ ಸ್ಪಷ್ಟವಾಗಿ ಇರಬೇಕು. ವಯಸ್ಸು, ತೂಕ ಓದಿ. ಮರಿಗಳಿಗೆ ಡಾಕ್ಟರನ್ನ ಕೇಳದೆ ಹಾಕಲೇಬೇಡಿ.
• ಬೆಲ್ಟ್ ಮತ್ತು ಕುತ್ತಿಗೆ ನಡುವೆ ಎರಡು ಬೆರಳು ಆಡಬೇಕು. ಉಳಿದ ತುದಿ ಕತ್ತರಿಸಿ ಬಿಸಾಕಿ.
• ಎಲ್ಲಾದ್ರೂ ಸಿಕ್ಕಿಕೊಂಡ್ರೆ ತಾನಾಗೇ ಬಿಚ್ಚಿಕೊಳ್ಳೋ ಥರದ್ದೇ ತಗೊಳ್ಳಿ.
• ಅದರ ಜೊತೆಗೆ ಡಾಕ್ಟರನ್ನ ಕೇಳದೆ ಬೇರೆ ಹನಿ, ಪೌಡರ್, ಸ್ಪ್ರೇ ಬೇಡ.
• ಆಗಾಗ ಕುತ್ತಿಗೆ ನೋಡಿ. ಕೆಂಪಾಗಿದ್ರೆ, ಕೂದಲು ಉದುರಿದ್ರೆ ತಕ್ಷಣ ತೆಗೀರಿ.

ರೀಲ್‌ಗೆ ಚೆನ್ನಾಗಿ ಕಾಣುತ್ತೆ ಅಂತ ಹಾಕೋಕೆ ಅದು ಒಡವೆ ಅಲ್ಲ. ಕುತ್ತಿಗೆಗೆ ಕಟ್ಟಿದ ಕೀಟನಾಶಕ.

(4/5)
ಇನ್ನೊಂದು ಮಾತು, ಅಂಗಡಿಯಲ್ಲಿ ಯಾರೂ ಹೇಳಲ್ಲ. ಬೆಕ್ಕಿನ ಮೈಮೇಲೆ ಕಾಣೋ ಚಿಗಟ ಒಟ್ಟು ಲೆಕ್ಕದಲ್ಲಿ 100ಕ್ಕೆ ಸುಮಾರು 5 ಅಷ್ಟೇ. ಮಿಕ್ಕಿದ್ದು ಮೊಟ್ಟೆ, ಮರಿಹುಳು, ಗೂಡಿನ ರೂಪದಲ್ಲಿ ನಿಮ್ಮ ಸೋಫಾ ಸಂದಿ, ಕಾಲೊರೆಸು, ಬೆಕ್ಕು ಮಲಗೋ ಬಟ್ಟೆಯಲ್ಲಿ ಕೂತಿದೆ. ಗೂಡೊಳಗಿನದು ತಿಂಗಳುಗಟ್ಟಲೆ ಕಾಯಬಲ್ಲದು.

ಅಂದ್ರೆ ಬೆಲ್ಟ್ ಕಟ್ಟಿ ಕೈತೊಳೆದುಕೊಂಡ್ರೆ ಕೆಲಸ ಮುಗಿಯಲ್ಲ. ಬಟ್ಟೆಯನ್ನ ಬಿಸಿನೀರಲ್ಲಿ ಒಗೀರಿ, ಮೂಲೆಮೂಲೆ ಗುಡಿಸಿ. ದಿನಾ ಹೇನು ಬಾಚಣಿಗೆಯಂಥ ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಚಿ, ಸಿಕ್ಕ ಚಿಗಟಾನ ಸೋಪುನೀರಲ್ಲಿ ಮುಳುಗಿಸಿ. ಬೇಜಾರಿನ ಕೆಲಸ, ನಿಜ. ಸಾಕೋದು ಅಂದ್ರೆ ಇದೂ ಸೇರಿ.

(5/5)
ಈಗಾಗಲೇ ಹಾಕಿಬಿಟ್ಟಿದ್ದೀರಾ? ಬೆಲ್ಟ್ ತೆಗೀರಿ, ಡಾಕ್ಟರ್‌ಗೆ ಫೋನ್ ಮಾಡಿ. ಬೆಕ್ಕು ಶಾಂತವಾಗಿದ್ರೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಲಿಕ್ವಿಡ್‌ನಲ್ಲಿ ತೊಳೆದು, ಒರೆಸಿ, ಬೆಚ್ಚಗೆ ಸುತ್ತಿ ಕರ್ಕೊಂಡು ಹೋಗಿ. ಬಿಸಿನೀರು ಬೇಡ. ಆಗಲೇ ನಡುಗ್ತಿದ್ರೆ ತೊಳೆಯೋಕೆ ನಿಲ್ಲದೆ ನೇರ ಆಸ್ಪತ್ರೆಗೆ. ಡಬ್ಬಿ ಜೊತೆಗಿರಲಿ. ಮನೆಮದ್ದು, ವಾಂತಿ ಮಾಡಿಸೋದು ಬೇಡ.

"ಎಲ್ಲಾ ಒಂದೇ" ಅಂದ ಅಂಗಡಿಯವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಆದ್ರೆ ಡಬ್ಬಿ ನನ್ನ ಕೈಯಲ್ಲೂ ಇತ್ತು. "ಬೆಕ್ಕುಗಳಿಗೆ ಬಳಸಬಾರದು" ಅನ್ನೋ ಸಾಲು ಅದರ ಹಿಂಬದಿಯಲ್ಲೇ ಸಣ್ಣಕ್ಷರದಲ್ಲಿತ್ತು.

ಈಗಲೇ ಎದ್ದು ಹೋಗಿ ನಿಮ್ಮನೆ ಡಬ್ಬಿ ತಿರುಗಿಸಿ ಓದಿ. ಲೈಕ್ ಆಮೇಲೆ ಒತ್ತಿದ್ರೂ ಪರವಾಗಿಲ್ಲ.

#ಬೆಕ್ಕು #ಚಿಗಟ #ಡಬ್ಬಿಓದಿ