ಸಭೆಗೆ ಹೊರಟ ಮೇಷ್ಟ್ರ ಕೈಗೊಂದು ಚೀಟಿ

ಮಕ್ಕಳೇ, ನಿಮ್ಮ ಮೇಷ್ಟ್ರು ಅಥವಾ ಟೀಚರ್ ಆಗಾಗ ಸಮಾಲೋಚನಾ ಸಭೆಗೆಂದು ಕ್ಲಸ್ಟರ್ ಕೇಂದ್ರಕ್ಕೆ ಹೋಗುತ್ತಾರಲ್ಲವೇ? ಅಂದು ಆಟಕ್ಕೆ ಹೆಚ್ಚು ಹೊತ್ತು ಸಿಕ್ಕೀತೆಂದು ನಿಮಗೆ ಖುಷಿ! ಆದರೆ ಆ ಸಭೆಯಲ್ಲಿ ನಿಮಗೂ ಪಾಲಿರಬೇಕು ಎನ್ನುವುದು ನನ್ನ ಅಭಿಪ್ರಾಯ.

ಒಂದು ಸಭೆಯ ಸಂಗತಿ ಹೇಳುತ್ತೇನೆ. ತಟ್ಟೆಯ ನೀರಿನ ನಡುವೆ ಉರಿಯುವ ಮೇಣದ ಬತ್ತಿ ನಿಲ್ಲಿಸಿ ಗಾಜಿನ ಲೋಟ ಬೋರಲು ಹಾಕಿದರೆ, ಬತ್ತಿ ಆರಿ ನೀರು ಲೋಟದೊಳಗೆ ಏರುತ್ತದೆ. ‘ಆಮ್ಲಜನಕ ಖರ್ಚಾಯಿತು, ಆ ಜಾಗಕ್ಕೆ ನೀರು ಬಂತು’ ಎಂದು ಬಹಳ ಕಡೆ ಹೇಳುವುದುಂಟು. ಏಳೆಂಟು ಶಿಕ್ಷಕರು ಮೇಜಿನ ಸುತ್ತ ಕುಳಿತು ಇದನ್ನು ಮಾಡಿದೆವು. ‘ಬತ್ತಿ ಉರಿಯುವಾಗ ಸುಮ್ಮನಿದ್ದ ನೀರು ಆರಿದ ಮೇಲೆ ಸರ್ರನೆ ಏರಿತಲ್ಲ, ಏಕೆ?’ ಎಂದರು ಒಬ್ಬರು. ಲೋಟದ ಅಂಚಿನಿಂದ ಗುಳ್ಳೆ ಹೊರಬಂದದ್ದನ್ನು ಇನ್ನೊಬ್ಬರು ಕಂಡಿದ್ದರು. ಆಗ ಕನ್ನಡ ಕಲಿಸುವ ಟೀಚರ್, ‘ಮೂರು ಬತ್ತಿ ಇಟ್ಟು ನೋಡೋಣ. ಲೋಟದ ಗಾಳಿಯಂತೂ ಅಷ್ಟೇ ತಾನೆ?’ ಎಂದರು. ಎಂ.ಎಸ್ಸಿ. ಓದಿದ ನನಗಿಂತ ಮೊದಲು ಅವರಿಗೆ ಹೊಳೆಯಿತು ನೋಡಿ!

ನೀರು ಇನ್ನೂ ಮೇಲಕ್ಕೇರಿತು. ಆಮ್ಲಜನಕವೊಂದೇ ಕಾರಣವಾಗಿದ್ದರೆ ಹೀಗೆ ಆಗಬಾರದಿತ್ತು. ಬತ್ತಿಯ ಶಾಖಕ್ಕೆ ಗಾಳಿ ಹಿಗ್ಗಿ ಸ್ವಲ್ಪ ಹೊರಹೋಗುತ್ತದೆ. ಬತ್ತಿ ಆರಿದಾಗ ಉಳಿದ ಗಾಳಿ ತಣಿದು ಕುಗ್ಗುತ್ತದೆ. ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಕ್ಕೆ ತಳ್ಳುತ್ತದೆ. ಮುಖ್ಯ ಕಾರಣ ಇದು. ನೀವೂ ಮಾಡಿ ನೋಡಿ, ದೊಡ್ಡವರು ಜೊತೆಗಿರಲಿ.

ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ (ಈಗ ನರ್ಮದಾಪುರಂ) 1972ರಲ್ಲಿ 16 ಶಾಲೆಗಳಲ್ಲಿ ವಿಜ್ಞಾನ ಬೋಧನಾ ಕಾರ್ಯಕ್ರಮವೊಂದು ಆರಂಭವಾಗಿ 2002ರವರೆಗೆ ನಡೆಯಿತು. ಅಲ್ಲಿ ಶಿಕ್ಷಕರು ತಿಂಗಳಿಗೊಮ್ಮೆ ಸೇರಿ ತರಗತಿಯ ತೊಡಕುಗಳನ್ನು ಚರ್ಚಿಸುತ್ತಿದ್ದರು. ಮಕ್ಕಳು ‘ಸವಾಲೀರಾಮ್’ ಎಂಬ ಕಲ್ಪಿತ ವ್ಯಕ್ತಿಗೆ ಪತ್ರ ಬರೆದು ಪ್ರಶ್ನೆ ಕೇಳುತ್ತಿದ್ದರು.

ನಮ್ಮ ಸಭೆಗಳಲ್ಲಿ ಸುತ್ತೋಲೆ, ಅಂಕಿಅಂಶಗಳಿಗೇ ಹೊತ್ತು ಮುಗಿಯುವುದುಂಟು. ಅವೂ ಬೇಕು, ಇರಲಿ. ಒಂದು ಗಂಟೆಯಾದರೂ ಮಕ್ಕಳ ಪ್ರಶ್ನೆಗೆ ಮೀಸಲಾಗಬೇಕೆಂದು ನಾನು ಹೋದಲ್ಲೆಲ್ಲ ವಾದಿಸುತ್ತೇನೆ. ಆದರೆ ಪ್ರಶ್ನೆ ಕಳಿಸಬೇಕಾದವರು ನೀವು!

ಮುಂದಿನ ಸಭೆಗೆ ಹೊರಟವರ ಕೈಗೆ ಒಂದು ಚೀಟಿ ಕೊಡಿ. ‘ಗುರುತ್ವ ಎಂದರೇನು?’ ಎಂಬಂಥದ್ದು ಬೇಡ, ಉತ್ತರ ಪುಸ್ತಕದಲ್ಲಿದೆ. ನೀವೇ ಕಂಡದ್ದಿರಲಿ. ಹೊಸ ಮಡಕೆಯಲ್ಲಿ ತಣ್ಣಗಾದಷ್ಟು ನೀರು ಹಳೆಯ ಮಡಕೆಯಲ್ಲಿ ಏಕೆ ತಣ್ಣಗಾಗುವುದಿಲ್ಲ? ಇಂಥದ್ದು. ಮರುದಿನ ಬೆಳಿಗ್ಗೆ ಮರೆಯದೆ ಕೇಳಿ: ‘ಸಾರ್, ನಮ್ಮ ಚೀಟಿ ಏನಾಯ್ತು?’