ತಿದ್ದಿದ ರಸ್ತೆಯ ಪಾಠ

ನೆದರ್ಲೆಂಡ್ಸ್‌ಗೆ ಬರುವ ಬಂಧುಗಳು ಸೈಕಲ್ಲುಗಳ ಸಾಲು ಕಂಡು, ‘ಇದು ಇಲ್ಲಿಯವರ ಹುಟ್ಟುಗುಣ, ನಮ್ಮಲ್ಲಿ ಆಗದು’ ಎನ್ನುವುದುಂಟು. ಇತಿಹಾಸ ಇದನ್ನು ಒಪ್ಪುವುದಿಲ್ಲ. 1971ರಲ್ಲಿ ಈ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಮಂದಿ ಅಸುನೀಗಿದರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ಹೆತ್ತವರು ಬೀದಿಗಿಳಿದರು. 1973ರ ತೈಲ ಬಿಕ್ಕಟ್ಟು ಆ ಕೂಗಿಗೆ ಬಲ ತುಂಬಿತು. ಆಡಳಿತ ಬರಿಯ ಉಪದೇಶಕ್ಕೆ ನಿಲ್ಲದೆ ಕ್ರಮೇಣ ರಸ್ತೆಗಳನ್ನೇ ತಿದ್ದಿತು: ಸೈಕಲ್ಲಿಗೆ ಪ್ರತ್ಯೇಕ ಪಥ, ವಸತಿ ಬೀದಿಗಳಲ್ಲಿ ಗಂಟೆಗೆ 30 ಕಿ.ಮೀ. ಮಿತಿ, ಅನೇಕ ಕಡೆ ಅಡ್ಡರಸ್ತೆ ಎದುರಾದರೂ ತಗ್ಗದೆ ಮುಂದುವರಿಯುವ ಪಾದಚಾರಿ ಮಾರ್ಗ. ಅಲ್ಲಿ ಹತ್ತಿ ಇಳಿಯಬೇಕಾದದ್ದು ಕಾರು.

ವೈದ್ಯನಾದ ನನಗೆ ವೇಗಮಿತಿಯೇ ಮುಖ್ಯವೆನಿಸುತ್ತದೆ. ವೇಗ 50ರಿಂದ 30 ಕಿ.ಮೀ.ಗೆ ಇಳಿದರೆ ವಾಹನದ ಚಲನಶಕ್ತಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗಕ್ಕೆ ಕುಗ್ಗುತ್ತದೆ. ಮುರಿದ ಮೂಳೆಯನ್ನು ಕೂಡಿಸಬಹುದು. ಜಜ್ಜಿಹೋದ ಮಿದುಳಿಗೆ ನಮ್ಮಲ್ಲಿ ಮದ್ದಿಲ್ಲ.

ಬೆಂಗಳೂರಿನ ಟೆಂಡರ್ ಶ್ಯೂರ್ ರಸ್ತೆಗಳ ಅಗಲವಾದ ಪಾದಚಾರಿ ಮಾರ್ಗದಲ್ಲಿ ನಡೆಯುವವರೂ ನಮ್ಮವರೇ. ದಾರಿ ಕೊಟ್ಟಲ್ಲಿ ಜನ ನಡೆಯುತ್ತಾರೆ. ನಿಮ್ಮ ವಾರ್ಡಿನ ರಸ್ತೆಗೆ ಡಾಂಬರು ಹಾಕಲು ಬಂದಾಗ, ನಡೆಯುವವರಿಗೆ ಜಾಗವೆಲ್ಲಿ ಎಂದು ಮೊದಲು ಕೇಳಿ.